ನೀರಿಗೆ ಗೇಜು ಇದೆ, ಗಾಳಿಗೆ?

ಮಳೆಗಾಲ ಶುರುವಾಯಿತೆಂದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ಜಲಾಶಯಗಳ ಇಂದಿನ ಮಟ್ಟ. ಲಿಂಗನಮಕ್ಕಿ, ಭದ್ರಾ, ತುಂಗಭದ್ರಾ, ಕೆಆರ್‌ಎಸ್, ಆಲಮಟ್ಟಿ... ಗರಿಷ್ಠ ಎಷ್ಟು, ಇಂದು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಈ ಚೌಕ ಮುಖಪುಟಕ್ಕಿಂತ ಮುಖ್ಯ. ಆಲಮಟ್ಟಿ 519.60 ಮೀಟರ್ ಮುಟ್ಟಿತಾ? 123 ಟಿಎಂಸಿ ತುಂಬಿತಾ? ಎಷ್ಟು ಗೇಟು ಎತ್ತಿದರು? ಚಹಾದ ಅಂಗಡಿಯಲ್ಲಿ ಕೂತವರು ಕ್ಯೂಸೆಕ್ ಲೆಕ್ಕದಲ್ಲೇ ಮಾತಾಡುತ್ತಾರೆ. ಓದು ಬರಹ ಬಾರದ ಅಜ್ಜಿಗೂ ಟಿಎಂಸಿ ಅಂದರೆ ಗೊತ್ತು :)

ಇಷ್ಟೆಲ್ಲ ಲೆಕ್ಕ ಯಾಕೆ? ನದಿ ಹರಿಯುತ್ತದೆ, ಅದಕ್ಕೆ. ಮೇಲಿನವರು ಮಾಡಿದ್ದು ಕೆಳಗಿನವರಿಗೆ ತಟ್ಟುತ್ತದೆ. ಈ ಸರಳ ಸತ್ಯವನ್ನು ಒಪ್ಪಿಕೊಂಡೇ 1969ರಲ್ಲಿ ಬಚಾವತ್ ನೇತೃತ್ವದಲ್ಲಿ ಕೃಷ್ಣಾ ನ್ಯಾಯಮಂಡಳಿ ಆಯಿತು. 2004ರಲ್ಲಿ ಬ್ರಿಜೇಶ್ ಕುಮಾರ್ ನೇತೃತ್ವದಲ್ಲಿ ಇನ್ನೊಂದು ಆಯಿತು. 2010ರ ಡಿಸೆಂಬರಿನಲ್ಲಿ ಅದು ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಕೆಳಗಿನ ಆಂಧ್ರದವರು ತಕರಾರು ತೆಗೆದರು. ಮೇಲಿನ ಸಾಂಗ್ಲಿ, ಕೊಲ್ಹಾಪುರದ ಕಡೆಯವರು ಪ್ರವಾಹ ಬಂದಾಗಲೆಲ್ಲ ಆಲಮಟ್ಟಿ ಹಿನ್ನೀರಿನ ಕಡೆ ಬೆರಳು ತೋರಿಸಿದರು. ನಾವು ನಮ್ಮ ಲೆಕ್ಕ ತೋರಿಸಿದೆವು. ಜಗಳ ಮುಗಿದಿಲ್ಲ, ಆದರೆ ಎಲ್ಲರ ಕೈಯಲ್ಲೂ ಅಂಕಿ ಅಂಶ ಇದೆ.

ಈಗ ನನ್ನ ಪ್ರಶ್ನೆ. ಗಾಳಿಯೂ ಹರಿಯುತ್ತದಲ್ಲವಾ? ಅದಕ್ಕೂ ಮೇಲಿನ ದಂಡೆ, ಕೆಳಗಿನ ದಂಡೆ ಇರುತ್ತದಲ್ಲವಾ? ಆ ಗಾಳಿಗೆ ಯಾವ ಚೌಕ ಇದೆ, ಯಾವ ಗೇಜು ಇದೆ, ಯಾವ ನ್ಯಾಯಮಂಡಳಿ ಇದೆ?

ಇಲ್ಲ. ನನ್ನ ಪ್ರಕಾರ ನಮ್ಮ ದೇಶದ ವಾಯುಮಾಲಿನ್ಯ ಕಾನೂನಿನ ದೊಡ್ಡ ತೂತು ಇರುವುದು ಇಲ್ಲೇ. ಈ ತೂತು ಎಲ್ಲಕ್ಕಿಂತ ಚೆನ್ನಾಗಿ ಕಾಣಿಸುವುದು ಓಝೋನ್ ವಿಷಯದಲ್ಲಿ.

ಓಝೋನ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಹೈಸ್ಕೂಲಿನ ವಿಜ್ಞಾನ ಪುಸ್ತಕ. ಓಝೋನ್ ಪದರ, ಅದರಲ್ಲೊಂದು ರಂಧ್ರ, ಫ್ರಿಡ್ಜಿನ ಅನಿಲ, ಸೂರ್ಯನ ನೇರಳಾತೀತ ಕಿರಣ. ಅದು ಆಕಾಶದಲ್ಲಿ ಎಷ್ಟೋ ಎತ್ತರದಲ್ಲಿರುವ ಓಝೋನ್. ಅಲ್ಲಿದ್ದರೆ ನಮಗೆ ಛತ್ರಿ. ಅದೇ ಓಝೋನ್ ನಾವು ಉಸಿರಾಡುವ ಎತ್ತರದಲ್ಲಿದ್ದರೆ ವಿಷ. ಅಣು ಅದೇ, ಮೂರು ಆಮ್ಲಜನಕ ಒಟ್ಟಿಗೆ ಕೂತದ್ದು. ಜಾಗ ಬದಲಾದರೆ ಗುಣ ಬದಲು. ಎದೆ ಬಿಗಿಯುತ್ತದೆ, ದಮ್ಮು ಇದ್ದವರಿಗೆ ದಮ್ಮು ಕೆರಳುತ್ತದೆ, ಬೆಳೆಯುವ ಮಕ್ಕಳ ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದೆ.

ಇದರ ವಿಚಿತ್ರ ಏನೆಂದರೆ ಯಾವ ಚಿಮಣಿಯೂ ಓಝೋನನ್ನು ಉಗುಳುವುದಿಲ್ಲ. ಅದು ದಾರಿಯಲ್ಲಿ ತಯಾರಾಗುತ್ತದೆ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲು ಉರಿದಾಗ ನೈಟ್ರೋಜನ್ ಆಕ್ಸೈಡುಗಳು ಹೊರಬರುತ್ತವೆ. ಇಂಧನದ ಆವಿ, ಬಣ್ಣ, ಒಲೆಯ ಹೊಗೆ, ಅಷ್ಟೇ ಏಕೆ ಗಿಡಮರಗಳಿಂದಲೂ ಕೆಲವು ಇಂಗಾಲದ ಆವಿಗಳು ಬರುತ್ತವೆ. ಇವೆರಡೂ ಬಿಸಿಲಿಗೆ ಸಿಕ್ಕರೆ ಓಝೋನ್. ಗಾಳಿಯೇ ಪಾತ್ರೆ, ಸೂರ್ಯನೇ ಒಲೆ. ನಮ್ಮ ಕಡೆ ಬಿಸಿಲಿಗೇನು ಬರವೇ?

ಇನ್ನೊಂದು ವಿಚಿತ್ರ ಕೇಳಿ. ಹೊಗೆ ಹೊರಬಿದ್ದ ಜಾಗದ ಹತ್ತಿರ ಓಝೋನ್ ಕಡಿಮೆ ಇರುತ್ತದೆ. ಯಾಕೆಂದರೆ ಹೊಸದಾಗಿ ಬಂದ ನೈಟ್ರಿಕ್ ಆಕ್ಸೈಡು ಅಲ್ಲಿದ್ದ ಓಝೋನನ್ನೂ ತಿಂದುಹಾಕುತ್ತದೆ. ಗಾಳಿಯ ಜೊತೆ ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ಹೋದ ಮೇಲೆ ಅಡುಗೆ ಬೆಂದು ಓಝೋನ್ ಏರುತ್ತದೆ. ಅಂದರೆ ಪಟ್ಟಣದ ವೃತ್ತದಲ್ಲಿ ಅಳೆದರೆ ಕಡಿಮೆ, ಪಟ್ಟಣದಾಚೆಯ ಹೊಲದಲ್ಲಿ ಅಳೆದರೆ ಹೆಚ್ಚು! ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಓಝೋನ್ ಅಪ್ಪಟ ಕೆಳದಂಡೆಯ ಮಾಲಿನ್ಯ.

ಇದು ಗೊತ್ತಾದದ್ದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ಅಲ್ಲಿ 1940ರ ದಶಕದಿಂದ ಕಣ್ಣುರಿಸುವ ಮಂಜು ಕವಿಯತೊಡಗಿತ್ತು. ಹೇಗನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನ ಶಾಸ್ತ್ರಜ್ಞ ಅಲ್ಲಿ ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆ ಅಂತ ಸಂಶೋಧನೆ ಮಾಡಿಕೊಂಡಿದ್ದರು. ಅನಾನಸು ಬಿಟ್ಟು ಊರಿನ ಗಾಳಿ ಹಿಡಿದರು. ವಾಹನದ ಹೊಗೆ ಮತ್ತು ಬಿಸಿಲು ಸೇರಿ ಓಝೋನ್ ಆಗುತ್ತದೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದರು. ಓಝೋನಿಗೆ ರಬ್ಬರು ಬಿರುಕು ಬಿಡುತ್ತದೆ. ರಬ್ಬರ್ ಪಟ್ಟಿ ಎಷ್ಟು ಬೇಗ ಬಿರಿಯುತ್ತದೆ ಅಂತ ನೋಡಿಯೇ ಆಗ ಓಝೋನನ್ನು ಅಳೆದಿದ್ದೂ ಉಂಟು.

ನಮ್ಮ ವಿಜಯಪುರದವರು ಕಿವಿಗೊಡಬೇಕಾದ ಮಾತು ಇನ್ನು ಮುಂದಿದೆ. ಹೊಲದ ಬೆಳೆಯ ಮೇಲೆ ಓಝೋನ್ ಮಾಡುವ ಗಾಯವನ್ನು ಮೊದಮೊದಲು ಗುರುತಿಸಿದ್ದು ಯಾವ ಎಲೆಯ ಮೇಲೆ ಗೊತ್ತಾ? ದ್ರಾಕ್ಷಿ ಎಲೆಯ ಮೇಲೆ! 1958ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ. ಎಲೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆಗಳು, ಆಮೇಲೆ ಎಲೆ ಹಳದಿಯಾಗಿ ಹೊತ್ತಿಗೆ ಮುಂಚೆ ಉದುರುವುದು. ರೋಗವಲ್ಲ, ಕೀಟವಲ್ಲ, ಗೊಬ್ಬರದ ಕೊರತೆಯಲ್ಲ. ಗಾಳಿ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ, ಮಣೂಕದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮಲ್ಲಿ ಅಕ್ಟೋಬರಿನಲ್ಲಿ ಚಾಟಣಿ ಮಾಡಿದ ಮೇಲೆ ಕಾಯಿ ಕಟ್ಟಿ ಹಣ್ಣಾಗುವುದು ಚಳಿಗಾಲ ಮತ್ತು ಬೇಸಿಗೆಯ ಮೊದಲ ಭಾಗದಲ್ಲಿ. ದಕ್ಷಿಣ ಭಾರತದಲ್ಲಿ ಓಝೋನ್ ಏರುವುದೂ ಹೆಚ್ಚುಕಡಿಮೆ ಆಗಲೇ. ಮಳೆಗಾಲದಲ್ಲಿ ಮೋಡ, ಮಳೆ ಇರುವುದರಿಂದ ಇಳಿಯುತ್ತದೆ. ಹೀಗೆಂದ ಮಾತ್ರಕ್ಕೆ ನಮ್ಮ ತೋಟದ ಚುಕ್ಕೆಗಳೆಲ್ಲ ಓಝೋನಿನದೇ ಅಂತ ನಾನು ಹೇಳುತ್ತಿಲ್ಲ. ಡೌನಿಯೂ ಇರಬಹುದು, ಇನ್ನೇನೋ ಇರಬಹುದು. ಹೌದೋ ಅಲ್ಲವೋ ಅಂತ ಹೇಳಲು ಆ ತೋಟದ ಹತ್ತಿರ ಒಂದು ಓಝೋನ್ ಯಂತ್ರ ಬೇಕು. ಅದೇ ಇಲ್ಲ. ನನ್ನ ತಕರಾರು ಅಷ್ಟೇ.

ದ್ರಾಕ್ಷಿ ಬೆಳೆಯುವ ನಮ್ಮ ಕಾಕಾನಿಗೆ ಇದನ್ನೆಲ್ಲ ಒಂದು ಸಲ ವಿವರಿಸಿದೆ. ಪೂರಾ ಕೇಳಿಸಿಕೊಂಡು ಅಂದ: "ಹೊಗಿ ಆದ್ರ ಕಣ್ಣಿಗಿ ಕಾಣತೈತಿ, ಜಗಳಾ ತಗ್ಯಾಕ ಬರತೈತಿ. ಕಾಣಲಾರದ್ದರ ಸಂಗಾಟ ಹೆಂಗ ಜಗಳಾ ಆಡೂದೋ ತಮ್ಮಾ?"

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಕಾಣದ್ದರ ಜೊತೆ ಜಗಳ ಆಡಲು ಅಂಕಿ ಬೇಕು. ಅಂಕಿಗೆ ಯಂತ್ರ ಬೇಕು. ಯಂತ್ರ ಇಡಲು ಸರ್ಕಾರದ ಮನಸ್ಸು ಬೇಕು.

ಇದೇನು ಸಣ್ಣ ನಷ್ಟವೂ ಅಲ್ಲ ಸ್ವಾಮಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2014ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 2005ನೇ ಇಸವಿ ಒಂದರಲ್ಲೇ ಓಝೋನಿನಿಂದ ದೇಶ ಕಳೆದುಕೊಂಡದ್ದು ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಭತ್ತ. ಸುಮಾರು 9.4 ಕೋಟಿ ಜನರ ಹೊಟ್ಟೆ ತುಂಬುವಷ್ಟು ಧಾನ್ಯ! ಹತ್ತಿ, ಸೋಯಾ ಬೆಳೆಗೂ ಪೆಟ್ಟು ಬಿದ್ದಿತ್ತು. ಬರ ಬಂದರೆ ಬರಪೀಡಿತ ತಾಲ್ಲೂಕು ಅಂತ ಘೋಷಣೆಯಾಗುತ್ತದೆ, ಆಲಿಕಲ್ಲು ಬಿದ್ದರೆ ಪಂಚನಾಮೆ ಆಗುತ್ತದೆ. ಇಷ್ಟು ಧಾನ್ಯ ಗಾಳಿಯಲ್ಲಿ ಕರಗಿದ್ದಕ್ಕೆ ಯಾವ ತಲಾಠಿಯೂ ಬಂದು ಬರೆದುಕೊಂಡು ಹೋಗಲಿಲ್ಲ.

ಈಗ ನಮ್ಮ ಸುತ್ತಮುತ್ತ ನೋಡಿ. ಆಲಮಟ್ಟಿ ಅಣೆಕಟ್ಟಿನ ಬುಡದಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಘಟಕ ಇದೆ, ಅದಕ್ಕೆ ಹೊಗೆ ಇಲ್ಲ. ಅದೇ ಆಲಮಟ್ಟಿಯ ಹಿನ್ನೀರು ಕುಡಿದು ನಡೆಯುವುದು ಕೂಡಗಿಯ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400. ಹಳೇ ಬಸವನ ಬಾಗೇವಾಡಿ ತಾಲ್ಲೂಕಿನ ಹೊಲಗಳ ನಡುವೆ ಎದ್ದು ನಿಂತಿದೆ. ಸ್ವಲ್ಪ ಬಡಗಣಕ್ಕೆ, ಗಡಿಯಾಚೆ ಸೋಲಾಪುರದಲ್ಲಿ ಇನ್ನೊಂದು, 1,320 ಮೆಗಾವ್ಯಾಟ್. ಮೂಡಣಕ್ಕೆ ರಾಯಚೂರು ಶಕ್ತಿನಗರದ 1,720 ಮತ್ತು ಯರಮರಸಿನ 1,600. ತೆಂಕಣಕ್ಕೆ ಬಳ್ಳಾರಿ ಕುಡತಿನಿಯ 1,700. ಕೂಡಿಸಿ ನೋಡಿ, 8,740 ಮೆಗಾವ್ಯಾಟ್ ಕಲ್ಲಿದ್ದಲು! ಮುಂಗಾರಿನಲ್ಲಿ ಪಡುವಣ ಗಾಳಿ ಒಂದು ಕಡೆಗೆ ಒಯ್ಯುತ್ತದೆ, ಚಳಿಗಾಲದಲ್ಲಿ ಮೂಡಣ ಗಾಳಿ ಇನ್ನೊಂದು ಕಡೆಗೆ. ಯಾವ ಹೊಗೆ ಯಾರ ಹೊಲಕ್ಕೆ ಹೋಗುತ್ತದೆ, ಯಾವ ರಾಜ್ಯದ್ದು ಯಾವ ರಾಜ್ಯಕ್ಕೆ... ನದಿಯಾಗಿದ್ದರೆ ಇಷ್ಟು ಹೊತ್ತಿಗೆ ಮೂರು ನ್ಯಾಯಮಂಡಳಿ ಆಗಿರುತ್ತಿತ್ತು :)

ಕೂಡಗಿಯ ಕಥೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 2012ರ ಜನವರಿಯಲ್ಲಿ ಪರಿಸರ ಅನುಮತಿ ಸಿಕ್ಕಿತು. 2014ರ ಮಾರ್ಚಿನಲ್ಲಿ ಹಸಿರು ನ್ಯಾಯಮಂಡಳಿ ಆ ಅನುಮತಿಯನ್ನು ತಡೆಹಿಡಿದು, ಮತ್ತೆ ಪರಿಶೀಲಿಸಿ ಅಂತ ಸಚಿವಾಲಯಕ್ಕೆ ವಾಪಸು ಕಳಿಸಿತು. ಅದೇ ವರ್ಷ ಜುಲೈಯಲ್ಲಿ ಪ್ರತಿಭಟನೆಗೆ ಇಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು, ಜನ ಗಾಯಗೊಂಡರು. ಕೊನೆಗೆ 2017-18ರಲ್ಲಿ ಮೂರೂ ಘಟಕಗಳು ಉತ್ಪಾದನೆ ಶುರುಮಾಡಿದವು. ಜಮೀನು, ಬೂದಿ, ನೀರು, ಕೆಲಸ... ಜನ ಕೇಳಿದ್ದು ಇವನ್ನೇ. ಕೇಳಬೇಕಾದ್ದೇ. ಓಝೋನ್ ಯಾರ ಬಾಯಲ್ಲೂ ಬರಲಿಲ್ಲ, ಯಾಕೆಂದರೆ ಅದನ್ನು ಯಾರೂ ನೋಡಿಯೇ ಇಲ್ಲ.

ಹಾಗಾದರೆ ಕಾನೂನೇ ಇಲ್ಲವಾ ಅಂತ ಕೇಳಬಹುದು. ಇದೆಯಲ್ಲ! 1981ರ ವಾಯು ಕಾಯ್ದೆ ಇದೆ. ಅದರಡಿ 2009ರ ನವೆಂಬರ್ 18ರಂದು ಹೊರಬಿದ್ದ ರಾಷ್ಟ್ರೀಯ ಮಾನದಂಡ ಇದೆ. ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಓಝೋನೂ ಇದೆ. ಎಂಟು ತಾಸಿನ ಸರಾಸರಿ ಒಂದು ಘನಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು, ಒಂದು ತಾಸಿನದು 180 ಮೀರಬಾರದು. ವರ್ಷದಲ್ಲಿ ನೂರಕ್ಕೆ 98ರಷ್ಟು ಸಮಯ ಮಿತಿಯೊಳಗಿರಬೇಕು, ಉಳಿದ ಎರಡರಲ್ಲೂ ಸತತ ಎರಡು ದಿನ ಮೀರುವಂತಿಲ್ಲ.

ತಮಾಷೆ ಏನು ಗೊತ್ತಾ? ಈ ಎಂಟು ತಾಸಿನ 100 ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದೂ ಅಷ್ಟೇ! ಸೂಕ್ಷ್ಮ ಧೂಳಿನ ವಿಷಯದಲ್ಲಿ ಅವರು ವರ್ಷದ ಸರಾಸರಿ 5 ಅಂದರೆ ನಾವು 40 ಅನ್ನುತ್ತೇವೆ, ಎಂಟು ಪಟ್ಟು. ಓಝೋನಿನಲ್ಲಿ ಮಾತ್ರ ಕಾಗದದ ಮೇಲೆ ಜಗತ್ತಿಗೇ ಸಮ. ಪರೀಕ್ಷೆಯೇ ನಡೆಸದ ಶಾಲೆಯಲ್ಲಿ ಪಾಸಾಗಲು ನೂರಕ್ಕೆ ತೊಂಬತ್ತು ಬೇಕು ಅಂತ ಬೋರ್ಡು ಬರೆದು ಹಾಕಿದ ಹಾಗೆ.

ಯಂತ್ರಗಳು ಎಲ್ಲಿವೆ? ನಗರಗಳಲ್ಲಿ. ನಮ್ಮ ಕಡೆ ನೋಡಿದರೆ ವಿಜಯಪುರ ನಗರದಲ್ಲಿದೆ, ಬಾಗಲಕೋಟೆ ನಗರದಲ್ಲಿದೆ. ನಡುವಿನ ಹೊಲ, ಹಳ್ಳಿ, ಹಿನ್ನೀರಿಗೆ ಸ್ಥಾವರದವರು ತಾವೇ ಅಳೆದು ತಾವೇ ಒಪ್ಪಿಸುವ ಅಂಕಿಯೇ ಗತಿ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಅಂತ ಶುರುಮಾಡಿತು. ಅದು 131 ನಗರಗಳಿಗೆ. ಕರ್ನಾಟಕದಿಂದ ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಗುರಿ ಇಟ್ಟಿರುವುದು ಧೂಳಿಗೆ ಮಾತ್ರ, ಓಝೋನಿಗಲ್ಲ. 2024ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಓಝೋನ್ ಬಗ್ಗೆಯೇ ಒಳ್ಳೆಯ ವರದಿ ತಂದರು, ಅದೂ ಬೆಂಗಳೂರು ಸೇರಿ ಹತ್ತು ಮಹಾನಗರಗಳ ಬಗ್ಗೆ. ಅವರನ್ನು ದೂರುವಂತಿಲ್ಲ, ಅಂಕಿ ಇರುವಲ್ಲಿ ತಾನೇ ಅಧ್ಯಯನ ಮಾಡಲು ಸಾಧ್ಯ? ಹಳ್ಳಿಯ ಓಝೋನ್ ಬಗ್ಗೆ ವರದಿ ಬರದಿರುವುದು ಹಳ್ಳಿಯಲ್ಲಿ ಓಝೋನ್ ಇಲ್ಲ ಅಂತಲ್ಲ.

ಇನ್ನು ಚಿಮಣಿಯ ಕಡೆಯ ನಿಯಮಕ್ಕೆ ಬರೋಣ. 2015ರ ಡಿಸೆಂಬರ್ 7ರಂದು ಉಷ್ಣ ಸ್ಥಾವರಗಳಿಗೆ ಹೊಸ ಮಿತಿ ಬಂತು. ಗಂಧಕದ ಡೈಆಕ್ಸೈಡು, ನೈಟ್ರೋಜನ್ ಆಕ್ಸೈಡು, ಧೂಳು, ಪಾದರಸ, ಎಲ್ಲಕ್ಕೂ. ಹಳೆಯ ಸ್ಥಾವರಗಳಿಗೆ ಎರಡು ವರ್ಷದ ಗಡುವು. ನಿಜಕ್ಕೂ ಒಳ್ಳೆಯ ಕೆಲಸ. ಆಮೇಲೆ ಶುರುವಾಯಿತು ನೋಡಿ, ನಾಳೆ ಬಾ! 2017 ಹೋಗಿ 2022 ಆಯಿತು. 2021ರಲ್ಲಿ ಸ್ಥಾವರಗಳನ್ನು ಮೂರು ವರ್ಗ ಮಾಡಿ ಗಡುವು ಮುಂದೂಡಿದರು. 2022ರಲ್ಲಿ ಮತ್ತೆ, 2024ರ ಡಿಸೆಂಬರಿನಲ್ಲಿ ಮತ್ತೆ. ಕೊನೆಗೆ 2025ರ ಜುಲೈ 11ರಂದು ಮೂರನೇ ವರ್ಗದ ಸ್ಥಾವರಗಳಿಗೆ ಗಂಧಕದ ಮಿತಿಯಿಂದಲೇ ವಿನಾಯಿತಿ ಕೊಟ್ಟುಬಿಟ್ಟರು. ಚಿಮಣಿ ಸಾಕಷ್ಟು ಎತ್ತರ ಇದ್ದರೆ ಸಾಕಂತೆ. ದೇಶದ ಕಲ್ಲಿದ್ದಲು ಘಟಕಗಳಲ್ಲಿ ನೂರಕ್ಕೆ ಸುಮಾರು 78 ಈ ವರ್ಗದವು. ಇತ್ತ 2020ರ ಅಕ್ಟೋಬರಿನಲ್ಲೇ, 2003ರಿಂದ 2016ರ ನಡುವೆ ಸ್ಥಾಪನೆಯಾದ ಘಟಕಗಳ ನೈಟ್ರೋಜನ್ ಆಕ್ಸೈಡು ಮಿತಿಯನ್ನು 300ರಿಂದ 450 ಮಿಲಿಗ್ರಾಂಗೆ ಸಡಿಲ ಮಾಡಿದ್ದರು. ಓಝೋನಿಗೆ ಕಚ್ಚಾ ಮಾಲು ಇದೇ ಅನ್ನುವುದನ್ನು ಮರೆಯಬೇಡಿ.

ಮೂರು ವರ್ಗ ಮಾಡಿದ ಲೆಕ್ಕ ಹೇಗಿದೆ ಅಂತ ನೋಡಿ. ದೆಹಲಿ ಸುತ್ತಮುತ್ತಲಿನ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಹತ್ತು ಕಿಲೋಮೀಟರ್ ಒಳಗಿದ್ದರೆ ಮೊದಲ ವರ್ಗ. ತೀವ್ರ ಮಾಲಿನ್ಯದ ಪ್ರದೇಶ ಅಥವಾ ಗಾಳಿಯ ಮಾನದಂಡ ಮುಟ್ಟದ ನಗರ ಅಂತ ಗುರುತಿಸಿರುವ ಕಡೆಯಿಂದ ಹತ್ತು ಕಿಲೋಮೀಟರ್ ಒಳಗಿದ್ದರೆ ಎರಡನೆಯದು. ಉಳಿದದ್ದೆಲ್ಲ ಮೂರನೆಯದು. ಕೂಡಗಿಯ ಹತ್ತು ಕಿಲೋಮೀಟರ್ ಸುತ್ತ ಹತ್ತು ಲಕ್ಷದ ನಗರ ಯಾವುದಿದೆ? ಆ ನಾಲ್ಕು ನಗರಗಳಲ್ಲಿ ಯಾವುದಿದೆ? ಉತ್ತರ ನೀವೇ ಹೇಳಿ.

ಅಂದರೆ ಏನರ್ಥ? ಪಟ್ಟಣದ ಪಕ್ಕ ಇದ್ದರೆ ಹೊಗೆ ತೊಳೆದು ಬಿಡಬೇಕು, ಹಳ್ಳಿಗಳ ನಡುವೆ ಇದ್ದರೆ ತೊಳೆಯದಿದ್ದರೂ ನಡೆಯುತ್ತದೆ. ಹಳ್ಳಿಯವರ ಶ್ವಾಸಕೋಶ ಗಟ್ಟಿಮುಟ್ಟಾಗಿರುತ್ತದೆ ಅಂತ ಯಾರಾದರೂ ವರದಿ ಕೊಟ್ಟಿದ್ದಾರಾ? "ಮಾನದಂಡ ಮುಟ್ಟದ ನಗರ" ಅಂತ ಗುರುತಿಸಬೇಕಾದರೆ ಮೊದಲು ಅಲ್ಲಿ ಅಳೆಯಬೇಕು. ಅಳೆಯದ ಊರು ಆ ಪಟ್ಟಿಗೆ ಯಾವತ್ತೂ ಸೇರುವುದಿಲ್ಲ. ಪಟ್ಟಿಗೆ ಸೇರದ ಊರಿನ ಪಕ್ಕದ ಚಿಮಣಿಗೆ ನಿಯಮ ಇಲ್ಲ. ಬಾವಿಯೇ ತೋಡದೆ ಇಲ್ಲಿ ನೀರಿಲ್ಲ ಅಂತ ಷರಾ ಬರೆದ ಹಾಗಾಯಿತು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಅನ್ನುತ್ತಾರೆ, ಅದು ನಿಜ. ಹೊಗೆ ತೊಳೆಯುವ ಯಂತ್ರಕ್ಕೆ ಅಪಾರ ಖರ್ಚು, ಅದು ಕೊನೆಗೆ ಬರುವುದು ನಮ್ಮ ಕರೆಂಟು ಬಿಲ್ಲಿಗೇ ಅನ್ನುತ್ತಾರೆ, ಅದೂ ನಿಜ. ಆ ಯಂತ್ರ ನಡೆಸಲು ಮತ್ತಷ್ಟು ಕಲ್ಲಿದ್ದಲು, ಸುಣ್ಣದ ಕಲ್ಲು ಬೇಕು ಅನ್ನುತ್ತಾರೆ, ಒಪ್ಪೋಣ. ಯಂತ್ರ ಇರುವ ಊರಿಗೂ ಇಲ್ಲದ ಊರಿಗೂ ಗಾಳಿಯಲ್ಲಿನ ಗಂಧಕದ ಡೈಆಕ್ಸೈಡಿನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ ಅಂತ ಸಂಸ್ಥೆಗಳ ಅಧ್ಯಯನಗಳನ್ನು ಮುಂದಿಡುತ್ತಾರೆ.

ನನಗೆ ಒಪ್ಪಿಗೆಯಾಗದಿರುವುದು ಈ ಕೊನೆಯ ಮಾತು. ಚಿಮಣಿಯನ್ನು ಅಷ್ಟು ಎತ್ತರ ಕಟ್ಟುವುದೇ ಹೊಗೆ ಬುಡದಲ್ಲಿ ಬೀಳದೆ ದೂರ ಹೋಗಲಿ ಅಂತ. ದೂರ ಹೋಗುತ್ತಾ ಹೋಗುತ್ತಾ ಗಂಧಕದ ಡೈಆಕ್ಸೈಡು ಸಲ್ಫೇಟ್ ಅನ್ನುವ ಸೂಕ್ಷ್ಮ ಧೂಳಾಗುತ್ತದೆ, ನೈಟ್ರೋಜನ್ ಆಕ್ಸೈಡು ಓಝೋನಾಗುತ್ತದೆ. ಬುಡದಲ್ಲಿ ಅಳೆದು ಏನೂ ಸಿಗಲಿಲ್ಲ ಅನ್ನುವುದು ಆಲಮಟ್ಟಿ ಗೇಟು ಎತ್ತಿ, ನೀರು ಮುಂದಕ್ಕೆ ಹೋದ ಮೇಲೆ ಅಣೆಕಟ್ಟಿನ ಮೇಲೆ ನಿಂತು "ಎಲ್ಲಿದೆ ಪ್ರವಾಹ?" ಅಂತ ಕೇಳಿದ ಹಾಗೆ. ಪ್ರವಾಹ ಎಲ್ಲಿದೆ ಅಂತ ನಾರಾಯಣಪುರದ ಕೆಳಗಿನ ನದಿದಂಡೆಯವರನ್ನು ಕೇಳಬೇಕು.

ಈ ಮೇಲ್ದಂಡೆ, ಕೆಳದಂಡೆಯ ಗಾಳಿ ಜಗಳವನ್ನು ಬೇರೆಯವರು ಹೇಗೆ ನಿಭಾಯಿಸಿದರು? ಅಮೆರಿಕದ ಪೂರ್ವದ ರಾಜ್ಯಗಳಿಗೆ ಇದೇ ಗೋಳಿತ್ತು. ನಮ್ಮ ಊರಿನಲ್ಲಿ ಎಷ್ಟೇ ಕಟ್ಟುನಿಟ್ಟು ಮಾಡಿದರೂ ಓಝೋನ್ ಇಳಿಯುತ್ತಿಲ್ಲ, ಅದು ಪಶ್ಚಿಮದ ರಾಜ್ಯಗಳ ಕಲ್ಲಿದ್ದಲು ಸ್ಥಾವರಗಳಿಂದ ಹರಿದು ಬರುತ್ತಿದೆ ಅಂತ. ಅವರ ಕಾನೂನಿನಲ್ಲೇ ಒಂದು ಮಾತಿದೆ, ಒಂದು ರಾಜ್ಯದ ಹೊಗೆ ಇನ್ನೊಂದು ರಾಜ್ಯ ಮಾನದಂಡ ಮುಟ್ಟದಂತೆ ಅಡ್ಡಿ ಮಾಡಬಾರದು. 1998ರಲ್ಲಿ ಅವರ ಪರಿಸರ ಇಲಾಖೆ 22 ರಾಜ್ಯಗಳನ್ನು ಒಟ್ಟಿಗೆ ಕೂರಿಸಿ, ಬೇಸಿಗೆಯ ಓಝೋನ್ ತಿಂಗಳುಗಳಲ್ಲಿ ಯಾವ ರಾಜ್ಯ ಎಷ್ಟು ನೈಟ್ರೋಜನ್ ಆಕ್ಸೈಡು ಬಿಡಬಹುದು ಅಂತ ಪಾಲು ಹಾಕಿತು. ಥೇಟ್ ನಮ್ಮ ಟಿಎಂಸಿ ಹಂಚಿಕೆ! ಆಮೇಲಿನ ವರ್ಷಗಳಲ್ಲಿ ಪೂರ್ವದ ರಾಜ್ಯಗಳ ಓಝೋನ್ ನಿಜಕ್ಕೂ ಇಳಿಯಿತು.

ಅಲ್ಲೂ ಎಲ್ಲ ಸುಖಾಂತವೇನಲ್ಲ. 2023ರಲ್ಲಿ "ಒಳ್ಳೆಯ ನೆರೆಯವರು" ಅನ್ನುವ ಅರ್ಥದ ಹೆಸರಿನ ಹೊಸ ನಿಯಮ ತಂದರು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆದರೂ ಗಾಳಿ ಗಡಿ ದಾಟುತ್ತದೆ ಅನ್ನುವುದನ್ನು ಅಲ್ಲಿನ ಕಾನೂನು ಒಪ್ಪಿಕೊಂಡಿದೆ, ಕೆಳಗಿನವನಿಗೆ ಕೇಳುವ ಬಾಯಿ ಇದೆ.

ನಮ್ಮಲ್ಲೂ ಒಂದೇ ಒಂದು ಕಡೆ ಇದನ್ನು ಒಪ್ಪಿಕೊಂಡಿದ್ದಾರೆ. ಎಲ್ಲಿ? ಇನ್ನೆಲ್ಲಿ, ದೆಹಲಿಯಲ್ಲಿ! 2021ರ ಕಾಯ್ದೆಯ ಮೂಲಕ ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ವಾಯು ಗುಣಮಟ್ಟ ನಿರ್ವಹಣಾ ಆಯೋಗ ಆಯಿತು. ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳಿಗೂ ಅದು ಆದೇಶ ಕೊಡಬಹುದು. ಅದರ ಕೆಲಸದ ಬಗ್ಗೆ ಸಾವಿರ ಟೀಕೆ ಇರಲಿ, ತತ್ವ ಸರಿಯಾಗಿದೆ: ಹೊಗೆಗೆ ರಾಜ್ಯದ ಗಡಿ ಗೊತ್ತಿಲ್ಲ. ಯಮುನಾ ದಂಡೆಗೆ ಸರಿಯಾದ ತತ್ವ ಕೃಷ್ಣಾ ದಂಡೆಗೆ ಯಾಕೆ ಸರಿಯಲ್ಲ? ಸಂಸದರ ಮನೆ ಇರುವ ಊರಿನ ಗಾಳಿ ಮಾತ್ರ ಹರಿಯುತ್ತದಾ?

"ಅಯ್ಯೋ, ಇನ್ನೊಂದು ನ್ಯಾಯಮಂಡಳಿ ಬೇಕಾ? ಇರೋದೇ ಮುಗಿದಿಲ್ಲ" ಅಂತ ನೀವು ನಗಬಹುದು. ನಗುವ ಮಾತೇ. ಬ್ರಿಜೇಶ್ ಕುಮಾರ್ ತೀರ್ಪು ಕೋರ್ಟಿನ ತಡೆಗೆ ಸಿಕ್ಕಿ ವರ್ಷಗಟ್ಟಲೆ ಗೆಜೆಟ್ಟಿನ ಮುಖ ಕಾಣಲಿಲ್ಲ. ಆದರೆ ಆ ನ್ಯಾಯಮಂಡಳಿಗಳ ದೆಸೆಯಿಂದಲೇ ಇವತ್ತು ನದಿಯ ಉದ್ದಕ್ಕೂ ಗೇಜುಗಳಿವೆ, ಒಂದು ಹನಿಗೂ ಲೆಕ್ಕ ಇದೆ. ತೀರ್ಪು ತಡವಾದರೂ ಲೆಕ್ಕ ಮೊದಲ ದಿನದಿಂದ ಸಿಕ್ಕಿತು. ನನಗೆ ಬೇಕಾಗಿರುವುದು ಮೊದಲು ಆ ಲೆಕ್ಕ.

"ಕರೆಂಟು ಬೇಡವಾ ಹಾಗಾದ್ರೆ?" ಅನ್ನುವವರಿಗೆ: ಬೇಕು ಸ್ವಾಮಿ, ಈ ಬರಹ ಟೈಪು ಮಾಡುತ್ತಿರುವುದೂ ಕರೆಂಟಿನಲ್ಲೇ. ಕೂಡಗಿಯ ಕರೆಂಟು ನಮಗೂ ಬರುತ್ತದೆ, ದಕ್ಷಿಣದ ಬೇರೆ ರಾಜ್ಯಗಳಿಗೂ ಹೋಗುತ್ತದೆ. ಸ್ಥಾವರ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಬೆಳಕು ಐದು ರಾಜ್ಯಕ್ಕೆ ಹಂಚಿಕೆಯಾಗುವುದಾದರೆ ಹೊಗೆಯ ಲೆಕ್ಕವನ್ನೂ ಹಂಚಿಕೊಳ್ಳಿ, ಅದನ್ನು ನಾಲ್ಕು ಹಳ್ಳಿಯ ತಲೆಗೆ ಕಟ್ಟಿ ಮರೆಯಬೇಡಿ ಅಂತ ಕೇಳುತ್ತಿದ್ದೇನೆ.

ಹಾಗಾದರೆ ಆಗಬೇಕಾದ್ದೇನು? ನನಗೆ ತೋಚಿದ್ದು ಇಷ್ಟು.

ಮೊದಲನೆಯದು, ಹಳ್ಳಿಗೆ ಯಂತ್ರ. ಆಲಮಟ್ಟಿಯಲ್ಲಿ ಒಂದು, ಕೊಲ್ಹಾರದಲ್ಲಿ ಒಂದು, ತಿಕೋಟಾ ದ್ರಾಕ್ಷಿ ತೋಟಗಳ ನಡುವೆ ಒಂದು, ಸೋಲಾಪುರದ ಗಡಿಗೆ ಹತ್ತಿರದ ಇಂಡಿಯಲ್ಲಿ ಒಂದು. ಓಝೋನ್ ಮತ್ತು ನೈಟ್ರೋಜನ್ ಆಕ್ಸೈಡು ಎರಡನ್ನೂ ಅಳೆಯಬೇಕು. ಅಳೆಯುವವರು ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಕೃಷಿ ವಿಶ್ವವಿದ್ಯಾಲಯದವರಾಗಿರಬೇಕು, ಹೊಗೆ ಬಿಡುವವರಲ್ಲ. ಧಾರವಾಡ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ಎಲೆಯ ಚುಕ್ಕೆ ಓಝೋನಿನದೋ ರೋಗದ್ದೋ ಅಂತ ಹೇಳಲು ಅವರಿಗಿಂತ ಬೇರೆ ಯಾರು ಬೇಕು?

ಎರಡನೆಯದು, ಅಂಕಿ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಪಂಚಾಯ್ತಿ ಕಟ್ಟೆಯ ಬೋರ್ಡಿನಲ್ಲಿ, ಪತ್ರಿಕೆಯಲ್ಲಿ ಜಲಾಶಯದ ಚೌಕದ ಪಕ್ಕದಲ್ಲೇ.

ಮೂರನೆಯದು, ಹತ್ತು ಕಿಲೋಮೀಟರ್ ವೃತ್ತದ ಲೆಕ್ಕ ಬಿಟ್ಟು ಗಾಳಿಯ ದಾರಿಯ ಲೆಕ್ಕ. ಯಾವ ಸ್ಥಾವರದ ಹೊಗೆ ಯಾವ ಕಾಲದಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಈಗ ದೊಡ್ಡ ವಿದ್ಯೆಯೇನಲ್ಲ. ಮಿತಿ ನಿರ್ಧಾರವಾಗಬೇಕಾದದ್ದು ಅದರ ಮೇಲೆ, ಪಕ್ಕದಲ್ಲಿ ಎಷ್ಟು ದೊಡ್ಡ ಊರಿದೆ ಅನ್ನುವುದರ ಮೇಲಲ್ಲ.

ನಾಲ್ಕನೆಯದು, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ ಸೇರಿ ಕೂರುವ ಒಂದು ವೇದಿಕೆ. ಹೆಸರು ಏನಾದರೂ ಇರಲಿ. ಗಾಳಿಯ ಅಂಕಿಯನ್ನು ಪರಸ್ಪರ ಕೊಡುವುದು ಕಡ್ಡಾಯ ಆಗಬೇಕು. ಕೃಷ್ಣೆಯ ವಿಷಯದಲ್ಲಿ ಐವತ್ತು ವರ್ಷದಿಂದ ಒಂದೇ ಮೇಜಿನ ಸುತ್ತ ಕೂತು ಅಭ್ಯಾಸ ಇರುವ ರಾಜ್ಯಗಳಿವು. ಜಗಳಕ್ಕಾದರೂ ಕೂರಲಿ!

ಇದರಲ್ಲಿ ಮೊದಲಿನ ಎರಡಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಮನಸ್ಸು ಮಾಡಿದರೆ ಸಾಕು. ನಮ್ಮ ಗ್ರಾಮಸಭೆಗಳು ಠರಾವು ಮಾಡಿ ಕೇಳಬಹುದು, ಶಾಸಕರು ಸದನದಲ್ಲಿ ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ನೀವು, ನಾನು ಕೇಳಬಹುದು. ಕೇಳಬೇಕಾದ ಪ್ರಶ್ನೆಯೂ ಬಹಳ ಸಣ್ಣದು. "ನಮ್ಮ ತಾಲ್ಲೂಕಿನಲ್ಲಿ ಕಳೆದ ವರ್ಷ ಓಝೋನ್ ಎಷ್ಟು ದಿನ 100 ದಾಟಿತು?" ಅಂಕಿ ಬಂದರೆ ಮುಂದಿನ ಮಾತಾಡೋಣ. "ಮಾಹಿತಿ ಲಭ್ಯವಿಲ್ಲ" ಅಂತ ಬಂದರೆ ಅದೂ ಒಂದು ದಾಖಲೆಯೇ. 2009ರಲ್ಲಿ ಬರೆದ ಮಾನದಂಡ ನಮ್ಮ ತಾಲ್ಲೂಕಿಗೆ ಇನ್ನೂ ಬಂದಿಲ್ಲ ಅನ್ನುವುದಕ್ಕೆ ಸರ್ಕಾರದ್ದೇ ಸಹಿ.

ನಾನಂತೂ ನಮ್ಮ ತಾಲ್ಲೂಕಿನ ಅರ್ಜಿ ಬರೆದಿಟ್ಟಿದ್ದೇನೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಗೆಳೆಯರೇ, ಸೋಲಾಪುರ, ಅಕ್ಕಲಕೋಟೆಯ ಕನ್ನಡಿಗರೇ, ನಿಮ್ಮೂರಿನಲ್ಲಿ ಗಾಳಿ ಅಳೆಯುವ ಯಂತ್ರ ಇದೆಯಾ? ಇದ್ದರೆ ಅದರಲ್ಲಿ ಓಝೋನ್ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಗೊತ್ತಿಲ್ಲದವರು ಒಂದು ಅರ್ಜಿ ಹಾಕಿ ನೋಡಿ, ಹತ್ತು ರೂಪಾಯಿ ಖರ್ಚು ಅಷ್ಟೇ.